ಕಾಲಲ್ಲಿ ನಟಿಸುವವರು

ತೆರೆಯ ಮೇಲೆ ಮಲೆನಾಡಿನ ಸಂಜೆ. ಮಳೆ ಈಗಷ್ಟೇ ಬಿಟ್ಟಿದೆ. ಅಡಿಕೆ ತೋಟದ ಕಾಲುದಾರಿಯಲ್ಲಿ ಹೆಂಗಸೊಬ್ಬಳು ಕೊಡೆ ಮಡಚಿ ಹಿಡಿದು ಮನೆಯತ್ತ ಬರುತ್ತಿದ್ದಾಳೆ. ಹವಾಯಿ ಚಪ್ಪಲಿಯ ಚಟ್ ಚಟ್, ಒದ್ದೆ ತರಗೆಲೆ ತುಳಿದಾಗಿನ ಮೆತ್ತನೆ ಸದ್ದು, ಬಳೆಗಳ ಸಣ್ಣ ಕಿಣಿಕಿಣಿ, ಸೀರೆ ನೆರಿಗೆಯ ಸರಬರ. ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಾಳೆ. ಚಿಲಕ ಸರಿಯುತ್ತದೆ, ಬಾಗಿಲು ಕಿರ್ ಎನ್ನುತ್ತದೆ. ಮಾತಿಲ್ಲ, ಹಾಡಿಲ್ಲ. ಆದರೂ ಆಕೆ ದಣಿದಿದ್ದಾಳೆ ಎಂಬುದು ನಮಗೆ ತಿಳಿದುಹೋಗುತ್ತದೆ.

ಆ ಹೆಜ್ಜೆಗಳು ಆಕೆಯವಲ್ಲ. ಚಿತ್ರೀಕರಣ ಮುಗಿದು ಎಷ್ಟೋ ವಾರಗಳ ಮೇಲೆ, ನಗರದ ಯಾವುದೋ ಸ್ಟುಡಿಯೋದ ಕಿಟಕಿಯಿಲ್ಲದ ಕೋಣೆಯಲ್ಲಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ ಗಂಡಸೊಬ್ಬ ತನ್ನ ಕಾಲಿಗಿಂತ ಚಿಕ್ಕದಾದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಆ ಹೆಜ್ಜೆ ಹಾಕಿದ್ದಾನೆ. ಅವನ ಕಾಲಡಿ ಇರುವುದು ತೋಟವಲ್ಲ. ಒದ್ದೆ ಗೋಣಿತಾಟು, ಅದರ ಮೇಲೆ ಹಳೆಯ ಕ್ಯಾಸೆಟ್‌ಗಳಿಂದ ಎಳೆದು ಮುದ್ದೆ ಮಾಡಿದ ಟೇಪಿನ ಸಿಕ್ಕು. ಕಣ್ಣು ಎದುರಿನ ಪರದೆಯಲ್ಲಿ ನೆಟ್ಟಿದೆ. ಆಕೆ ಕಾಲೆತ್ತಿದಾಗ ಇವನೂ ಎತ್ತುತ್ತಾನೆ, ಆಕೆ ಊರಿದಾಗ ಇವನೂ ಊರುತ್ತಾನೆ. ಮುಂದಿನ ಸರದಿಗೆಂದು ಗಾಜಿನ ಬಳೆಗಳು ಮೊಳೆಗೆ ತೂಗುಹಾಕಿಕೊಂಡು ಕಾದಿವೆ, ಅದರ ಮುಂದಿನ ಸರದಿಗೆ ಒಂದು ಹಳೆಯ ಸೀರೆ.

ಈ ಕೆಲಸಕ್ಕೆ ಫೋಲಿ ಎಂದು ಹೆಸರು. ಮಾಡುವವರು ಫೋಲಿ ಕಲಾವಿದರು. ತೆಂಗಿನ ಕರಟ ಬಡಿದರೆ ಕುದುರೆಯ ಸದ್ದು ಬರುತ್ತದೆ ಎಂಬಷ್ಟು ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ನಾವು ನೋಡುವ ಬಹುಪಾಲು ಸಿನಿಮಾಗಳಲ್ಲಿ ಕುದುರೆ ಮಾತ್ರವಲ್ಲ, ನಾಯಕನ ಬೂಟು, ನಾಯಕಿಯ ಗೆಜ್ಜೆ, ಅಮ್ಮ ಕೆಳಗಿಡುವ ಲೋಟ, ಖಳನಾಯಕ ಎಳೆದುಕೊಳ್ಳುವ ಕುರ್ಚಿ ಎಲ್ಲವೂ ಹೀಗೆ ಆಮೇಲೆ ಹುಟ್ಟಿದ ಸದ್ದುಗಳು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಇದ್ದ ಸದ್ದನ್ನೇ ಹಿಡಿದರೆ ಆಗದೇ?

ಚಿತ್ರೀಕರಣದ ಜಾಗದಲ್ಲೇ ಹೆಜ್ಜೆ ಸದ್ದು ಬಂದಿರುತ್ತದಲ್ಲ, ಅದನ್ನೇ ಇಟ್ಟುಕೊಂಡರೇನು? ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಇದು.

ಉತ್ತರ ನಮ್ಮ ಕಿವಿಯಲ್ಲೇ ಇದೆ. ಗಾಂಧಿ ಬಜಾರಿನಲ್ಲಿ ನಿಂತು ಗೆಳೆಯನ ಜೊತೆ ಮಾತಾಡುವಾಗ ಆಟೋ, ಬಸ್ಸು, ಹೂವಿನವಳ ಕೂಗು ಎಲ್ಲ ಕಿವಿಗೆ ಬೀಳುತ್ತಲೇ ಇರುತ್ತವೆ. ಆದರೂ ಗೆಳೆಯನ ಮಾತಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಬೇಕಾದ್ದನ್ನು ಆರಿಸಿ, ಉಳಿದದ್ದನ್ನು ಹಿಂದಕ್ಕೆ ತಳ್ಳುವ ಕೆಲಸವನ್ನು ಮಿದುಳು ಸದ್ದಿಲ್ಲದೆ ಮಾಡುತ್ತದೆ. ಮೈಕಿಗೆ ಆ ವಿವೇಕವಿಲ್ಲ. ತನ್ನ ಮುಂದೆ ಬಿದ್ದದ್ದನ್ನೆಲ್ಲ ಅದು ಹಿಡಿಯುತ್ತದೆ. ಹಾಗಾಗಿ ಸೆಟ್ಟಿನಲ್ಲಿ ಮೈಕನ್ನು ಆದಷ್ಟೂ ನಟರ ಬಾಯಿಯ ಕಡೆಗೆ ಹಿಡಿಯುತ್ತಾರೆ. ಮಾತು ಸಿಗುತ್ತದೆ, ಕಾಲಿನ ಸದ್ದು ಎಲ್ಲೋ ದೂರದಲ್ಲಿ ಉಳಿದುಬಿಡುತ್ತದೆ. ಇನ್ನು ಸೆಟ್ಟಿನ ನೆಲದ ಮಾತು. ತೆರೆಯ ಮೇಲೆ ಅರಮನೆಯ ಅಮೃತಶಿಲೆಯಾಗಿ ಕಾಣುವುದು ಪ್ಲೈವುಡ್ಡಿನ ಮೇಲಿನ ಬಣ್ಣ. ಅದರ ಮೇಲೆ ರಾಜ ನಡೆದರೆ ಹಲಗೆ ಡಬ್ ಡಬ್ ಎನ್ನುತ್ತದೆ.

ನಮ್ಮ ದೇಶದಲ್ಲಿ ಇನ್ನೂ ಒಂದು ಕಾರಣ ಸೇರಿಕೊಂಡಿತು. ದಶಕಗಳ ಕಾಲ ಇಲ್ಲಿ ಬಳಕೆಯಲ್ಲಿದ್ದ ಹಗುರವಾದ ಆರಿಫ್ಲೆಕ್ಸ್ ಕ್ಯಾಮೆರಾಗಳು ಓಡುವಾಗ ಗರಗರ ಸದ್ದು ಮಾಡುತ್ತಿದ್ದವು. ಹೊರಾಂಗಣವೆಂದರೆ ಸುತ್ತ ಜನಜಾತ್ರೆ. ಜೊತೆಗೆ ನಿರ್ದೇಶಕರು ಶಾಟ್ ನಡೆಯುವಾಗಲೇ ಕೂಗಿ ಸೂಚನೆ ಕೊಡುವ ರೂಢಿ. ಆದ್ದರಿಂದ ಸ್ಥಳದಲ್ಲಿ ಗುರುತಿಗಷ್ಟೇ ಒಂದು ಧ್ವನಿ ಹಿಡಿದು, ಆಮೇಲೆ ಸ್ಟುಡಿಯೋದಲ್ಲಿ ಮಾತನ್ನೆಲ್ಲ ಮತ್ತೆ ಹೇಳಿಸುವುದೇ ಪದ್ಧತಿಯಾಯಿತು. ನಮ್ಮ ಕಲಾವಿದರು ತಮ್ಮದೇ ಪಾತ್ರಕ್ಕೆ ತಾವೇ ‘ಡಬ್ಬಿಂಗ್’ ಮಾಡಿದೆವು ಎನ್ನುವುದು ಇದನ್ನೇ. ಮಾತು ಹೊಸದಾದಾಗ ಹಳೆಯ ಧ್ವನಿಯ ಜೊತೆಗಿದ್ದ ಹೆಜ್ಜೆ, ಬಾಗಿಲು, ಪಾತ್ರೆಯ ಸದ್ದೂ ಹೋಗುತ್ತದೆ. ಹೋದ ಒಂದೊಂದನ್ನೂ ಯಾರಾದರೂ ಮತ್ತೆ ಮಾಡಲೇಬೇಕು.

ಜ್ಯಾಕ್ ಫೋಲಿ ಎಂಬಾತ

ಸಿನಿಮಾ ಮಾತು ಕಲಿತ ಕಾಲಕ್ಕೆ ಹೋಗೋಣ. ಅಮೆರಿಕದಲ್ಲಿ 1927ರಲ್ಲಿ ‘ದಿ ಜಾಝ್ ಸಿಂಗರ್’ ಬಂತು. ಮೂಕಿ ಚಿತ್ರಗಳನ್ನೇ ನಂಬಿಕೊಂಡಿದ್ದ ಕಂಪನಿಗಳಿಗೆ ಗಾಬರಿಯಾಯಿತು. ಯೂನಿವರ್ಸಲ್ ಸಂಸ್ಥೆ ಆಗ ‘ಶೋ ಬೋಟ್’ ಎಂಬ ದೊಡ್ಡ ಚಿತ್ರವನ್ನು ಮೂಕಿಯಾಗಿ ತೆಗೆಯುತ್ತಿತ್ತು. 1929ರಲ್ಲಿ ಅದನ್ನು ಬಿಡುಗಡೆ ಮಾಡುವ ಹೊತ್ತಿಗೆ ಅದಕ್ಕೆ ಸದ್ದು ಸೇರಿಸಲೇಬೇಕಾಯಿತು. ಆ ತಂಡದಲ್ಲಿದ್ದವರು ಜ್ಯಾಕ್ ಫೋಲಿ. ಸ್ಟುಡಿಯೋದಲ್ಲಿ ಹತ್ತಾರು ಬಗೆಯ ಕೆಲಸ ಮಾಡಿ ಪಳಗಿದ್ದ ಆಳು. ಪರದೆಯ ಮೇಲೆ ಚಿತ್ರ ಓಡುತ್ತಿದ್ದರೆ, ಒಂದು ಕಡೆ ವಾದ್ಯವೃಂದ ನುಡಿಸುತ್ತಿತ್ತು, ಇನ್ನೊಂದು ಕಡೆ ಫೋಲಿ ಮತ್ತು ಸಂಗಡಿಗರು ಚಿತ್ರ ನೋಡಿಕೊಂಡು ಚಪ್ಪಾಳೆ, ಗದ್ದಲ, ಓಡಾಟದ ಸದ್ದು ಮಾಡುತ್ತಿದ್ದರು. ಬೇರೆ ಬೇರೆ ಹಿಡಿದು ಕೂಡಿಸುವ ಸೌಲಭ್ಯ ಆಗಿರಲಿಲ್ಲ. ಯಾರೋ ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು.

ಫೋಲಿ ಅದೇ ಸ್ಟುಡಿಯೋದಲ್ಲಿ ಜೀವಮಾನವಿಡೀ ಈ ಕೆಲಸ ಮಾಡಿದರು. ಕೈಯಲ್ಲೊಂದು ಊರುಗೋಲು ಹಿಡಿದು ಇಬ್ಬರು ಮೂವರ ಹೆಜ್ಜೆಯನ್ನು ಒಬ್ಬರೇ ಹಾಕುತ್ತಿದ್ದರು. ಯಾವ ನಟ ಭಾರವಾಗಿ ಕಾಲಿಡುತ್ತಾನೆ, ಯಾರದು ಚುರುಕು ನಡಿಗೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತಂತೆ. 1960ರ ‘ಸ್ಪಾರ್ಟಕಸ್’ ಚಿತ್ರದಲ್ಲಿ ಸೈನಿಕರ ಕವಚದ ಸದ್ದು ಸರಿಬಾರದೆ ಇಡೀ ದೃಶ್ಯವನ್ನೇ ಮತ್ತೆ ತೆಗೆಯುವ ಯೋಚನೆ ಬಂದಾಗ, ಫೋಲಿ ಬೀಗದ ಕೈ ಗೊಂಚಲುಗಳನ್ನು ಅಲ್ಲಾಡಿಸಿ ಸಮಸ್ಯೆ ಬಗೆಹರಿಸಿದರು ಎಂಬ ಕತೆ ಈ ವೃತ್ತಿಯವರ ಬಾಯಲ್ಲಿ ಇಂದಿಗೂ ಇದೆ. 1967ರಲ್ಲಿ ಅವರು ತೀರಿಕೊಂಡರು. ಬದುಕಿದ್ದಾಗ ತೆರೆಯ ಮೇಲೆ ಅವರ ಹೆಸರು ಬರಲಿಲ್ಲ. ಆದರೆ ಇವತ್ತು ಜಗತ್ತಿನ ಎಷ್ಟೋ ಸ್ಟುಡಿಯೋಗಳಲ್ಲಿ ಈ ಕೆಲಸದ ಕೋಣೆಗೆ ಅವರದೇ ಹೆಸರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ, ತೆಗೆದದ್ದು ಕೊಲ್ಹಾಪುರದಲ್ಲಿ. ಆ ಕಾಲದ ನಟರು ಕ್ಯಾಮೆರಾ ಎದುರೇ ಮಾತಾಡಿ, ಕ್ಯಾಮೆರಾ ಎದುರೇ ಹಾಡಬೇಕಿತ್ತು. ಸದ್ದು ನಮಗೆ ಎಂಥ ದೊಡ್ಡ ಬೆರಗಾಗಿತ್ತು ಎಂಬುದಕ್ಕೆ ಒಂದು ಪದವೇ ಸಾಕ್ಷಿ: ಚಿತ್ರಮಂದಿರವನ್ನು ಊರಿನ ಜನ ಈಗಲೂ ‘ಟಾಕೀಸು’ ಎನ್ನುತ್ತಾರೆ. ಹಾಗೆ ನೋಡಿದರೆ ಸುಳ್ಳು ಸದ್ದಿನಿಂದ ನಿಜ ಕಾಣಿಸುವುದು ನಮಗೆ ಸಿನಿಮಾ ಕಲಿಸಿದ ವಿದ್ಯೆಯಲ್ಲ. ಕಂಪನಿ ನಾಟಕದವರು ರಂಗದ ಪಕ್ಕದಲ್ಲಿ ತಗಡು ಅಲ್ಲಾಡಿಸಿ ಗುಡುಗು ತರಿಸುತ್ತಿದ್ದರು. ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಬಾಗಿಲ ಸದ್ದೊಂದರಲ್ಲೇ ಇಡೀ ಮನೆ ಕಣ್ಣೆದುರು ಕಟ್ಟುತ್ತಿತ್ತು.

ಕೋಣೆಯ ಒಳಗೆ

ಫೋಲಿ ಕೋಣೆಗೆ ಮೊದಲ ಸಲ ಹೋದವರು ಗುಜರಿ ಅಂಗಡಿಗೆ ಬಂದೆವೇನೋ ಅಂದುಕೊಳ್ಳುತ್ತಾರೆ. ಒಂದು ಮೂಲೆಯಲ್ಲಿ ಚಪ್ಪಲಿ, ಶೂಗಳ ರಾಶಿ: ಪೊಲೀಸ್ ಬೂಟು, ಹೈ ಹೀಲ್ಸು, ಮೆಟ್ಟು, ಕೊಲ್ಹಾಪುರಿ, ಹರಿದ ಹವಾಯಿ. ಗೋಡೆಯುದ್ದಕ್ಕೂ ಹಳೆಯ ಬೀಗ, ಚಿಲಕ, ಕೊಡಪಾನ, ಸೈಕಲ್ಲಿನ ಗಾಲಿ, ಮುರಿದ ಕುರ್ಚಿ, ಸರಪಳಿ, ಟೈಪ್‌ರೈಟರ್. ನೆಲದಲ್ಲಿ ಚೌಕ ಚೌಕವಾಗಿ ಗುಂಡಿ ಮಾಡಿ ಒಂದೊಂದರಲ್ಲಿ ಒಂದೊಂದು ನೆಲ ಕೂಡಿಸಿರುತ್ತಾರೆ: ಮರದ ಹಲಗೆ, ಸಿಮೆಂಟು, ಕಲ್ಲುಚಪ್ಪಡಿ, ಜಲ್ಲಿ, ಮರಳು, ಮಣ್ಣು. ನೀರಿಗೊಂದು ತೊಟ್ಟಿ. ಗೋಡೆಯ ತುಂಬ ಸದ್ದು ಹೀರುವ ಪದರ. ಗಾಜಿನ ಆಚೆ ಕಡೆ ಧ್ವನಿಗ್ರಾಹಕರು ಕೂತಿರುತ್ತಾರೆ.

ಕೆಲಸ ಮುಖ್ಯವಾಗಿ ಮೂರು ಸುತ್ತಿನಲ್ಲಿ ನಡೆಯುತ್ತದೆ. ಮೊದಲು ಹೆಜ್ಜೆ, ಒಬ್ಬೊಬ್ಬ ಪಾತ್ರಕ್ಕೂ ಬೇರೆ ಬೇರೆಯಾಗಿ. ಆಮೇಲೆ ಬಟ್ಟೆ: ಕೂತಾಗ, ಎದ್ದಾಗ, ತಬ್ಬಿಕೊಂಡಾಗ ಆಗುವ ಸರಬರ. ಕೊನೆಗೆ ವಸ್ತುಗಳು: ಲೋಟ, ಪೆನ್ನು, ಕನ್ನಡಕ, ಬೀಗದ ಕೈ. ಹಕ್ಕಿ, ಗಾಳಿ, ಪೇಟೆಯ ಗದ್ದಲ, ಕಾರು, ಬಂದೂಕು ಇವೆಲ್ಲ ಸಾಮಾನ್ಯವಾಗಿ ಫೋಲಿಯವರ ಪಾಲಿಗೆ ಬರುವುದಿಲ್ಲ. ಅವನ್ನು ಬೇರೆ ಕಡೆ ಹಿಡಿದು ಸಂಗ್ರಹದಲ್ಲಿ ಇಟ್ಟಿರುತ್ತಾರೆ. ಮನುಷ್ಯನ ಮೈ ಮತ್ತು ಕೈ ಮುಟ್ಟಿದ್ದು ಮಾತ್ರ ಫೋಲಿಯ ಸ್ವತ್ತು.

ಹೆಜ್ಜೆ ಹಾಕುವುದೇನು ಮಹಾ ಎನ್ನಿಸಬಹುದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕಾಲು ನೆಲಕ್ಕೆ ತಾಗಿದ ಚೌಕಟ್ಟಿಗಿಂತ ಸದ್ದು ಎರಡು ಮೂರು ಚೌಕಟ್ಟು ಹಿಂದೆ ಬಿದ್ದರೂ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾದರೂ, ನೋಡುವವನಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕಲಾವಿದ ನಿಂತ ಜಾಗದಲ್ಲೇ ನಡೆಯಬೇಕು, ಏಕೆಂದರೆ ಮೈಕು ಅಲ್ಲೇ ಇದೆ. ಮುಂದೆ ಹೋಗದೆ ಮುಂದೆ ಹೋದಂತೆ ಹಿಮ್ಮಡಿಯಿಂದ ಬೆರಳಿಗೆ ಭಾರ ಉರುಳಿಸಬೇಕು. ತೆರೆಯ ಮೇಲೆ ಎಷ್ಟೋ ಸಲ ನಟನ ಕಾಲು ಕಾಣುವುದೇ ಇಲ್ಲ, ಎದೆಯಿಂದ ಮೇಲಷ್ಟೇ ಇರುತ್ತದೆ. ಆಗ ಭುಜದ ಏರಿಳಿತ ನೋಡಿ ಹೆಜ್ಜೆ ಎಲ್ಲಿ ಬಿತ್ತು ಎಂದು ಅಂದಾಜು ಮಾಡುತ್ತಾರೆ.

ಅದಕ್ಕಿಂತ ಕಷ್ಟದ್ದು ಭಾವ. ಸಾಲಗಾರನ ಮನೆಗೆ ಹೋಗುವ ಅಪ್ಪನ ಹೆಜ್ಜೆಯೂ ಮಗಳಿಗೆ ಗಂಡು ಗೊತ್ತಾದ ದಿನ ಅದೇ ಅಪ್ಪನ ಹೆಜ್ಜೆಯೂ ಒಂದೇ ಚಪ್ಪಲಿಯವಾದರೂ ಒಂದೇ ಥರ ಕೇಳಬಾರದು. ಲೋಟವನ್ನು ಮೇಜಿನ ಮೇಲೆ ಇಡುವುದಕ್ಕೂ ಕುಕ್ಕುವುದಕ್ಕೂ ನಡುವೆ ಒಂದು ಜಗಳವೇ ಇದೆ. ಆ ಅಂತರ ತಿಳಿದವನು ಕೇವಲ ಸದ್ದು ಮಾಡುವವನಲ್ಲ, ನಟ. ನನ್ನ ಮಟ್ಟಿಗೆ ಫೋಲಿ ಅಭಿನಯವೇ. ಮುಖಕ್ಕೆ ಬದಲು ಕಾಲು ಕೈ ಅಭಿನಯಿಸುತ್ತವೆ, ಅಷ್ಟೇ.

ಅಡುಗೆಮನೆಯಿಂದ ರಣರಂಗಕ್ಕೆ

ಈ ಕಸುಬಿನ ಸ್ವಾರಸ್ಯವೆಲ್ಲ ಇರುವುದು ಒಂದು ವಸ್ತು ಇನ್ನೊಂದರಂತೆ ಕೇಳಿಸುವುದರಲ್ಲಿ. ಹಿಮದ ಮೇಲೆ ನಡೆಯುವ ಕುರ್ ಕುರ್ ಸದ್ದಿಗೆ ಚೀಲದಲ್ಲಿ ತುಂಬಿದ ಕಾರ್ನ್‌ಫ್ಲೋರ್ ಅಮುಕುತ್ತಾರೆ. ಮೂಳೆ ಮುರಿಯಬೇಕಾದರೆ ಸೆಲರಿ ಎಂಬ ಸೊಪ್ಪಿನ ದಂಟು ಮುರಿಯುತ್ತಾರೆ. ಬೆಂಕಿಯ ಚಟಪಟಕ್ಕೆ ಬಣ್ಣದ ಸೆಲೋಫೇನ್ ಕಾಗದ ಮುದುರುತ್ತಾರೆ. ಹಕ್ಕಿ ರೆಕ್ಕೆ ಬಡಿದು ಹಾರಿದರೆ ಅದು ಒಂದು ಜೊತೆ ಚರ್ಮದ ಕೈಗವಸು. ಹುಲ್ಲಿನ ಮೇಲಿನ ನಡಿಗೆಗೆ ಆಗಲೇ ಹೇಳಿದ ಟೇಪಿನ ಸಿಕ್ಕು.

ಹೊಡೆದಾಟದ ‘ಢಿಶುಂ’ ಅಂತೂ ಪೂರ್ತಿ ಸಿನಿಮಾದ್ದೇ ಸೃಷ್ಟಿ. ನಿಜವಾಗಿ ಯಾರಾದರೂ ಮುಖಕ್ಕೆ ಗುದ್ದಿದರೆ ಕೇಳುವುದು ಮಂಕಾದ ಒಂದು ಸಣ್ಣ ಸದ್ದು. ಹಾಗೆಯೇ ಒರೆಯಿಂದ ಕತ್ತಿ ಹಿರಿದಾಗ ಬರುವ ‘ಶಿಂಗ್’. ಚರ್ಮದ ಒರೆಯಿಂದ ಎಳೆದ ಕತ್ತಿ ಹಾಗೆ ಹಾಡುವುದಿಲ್ಲ. ಆದರೆ ಆ ಸದ್ದಿಲ್ಲದೆ ಕತ್ತಿ ತೆಗೆದರೆ ನಾವೇ ಒಪ್ಪುವುದಿಲ್ಲ. ನಮ್ಮ ಕಿವಿಗಳನ್ನು ಸಿನಿಮಾ ಅಷ್ಟು ಪಳಗಿಸಿಬಿಟ್ಟಿದೆ.

ಲೋಕದಲ್ಲೇ ಇಲ್ಲದ ಜೀವಿಗೆ, ಆಯುಧಕ್ಕೆ ದನಿ ಕೊಡುವುದು ಫೋಲಿಯ ನೆರೆಮನೆಯ ವಿದ್ಯೆ, ಧ್ವನಿ ವಿನ್ಯಾಸ. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಬೆನ್ ಬರ್ಟ್ ಎತ್ತರದ ಗೋಪುರವೊಂದನ್ನು ಬಿಗಿದು ಕಟ್ಟಿದ್ದ ತಂತಿಗೆ ಸುತ್ತಿಗೆಯಲ್ಲಿ ಹೊಡೆದು ಲೇಸರ್ ಬಂದೂಕಿನ ಸದ್ದು ತೆಗೆದರು. ಡಾರ್ತ್ ವೇಡರನ ಆ ಭಯಾನಕ ಉಸಿರು, ನೀರಿನಾಳಕ್ಕೆ ಇಳಿಯುವವರು ಬಳಸುವ ಉಸಿರಾಟದ ಉಪಕರಣದ್ದು. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ನಮ್ಮನ್ನು ಕುರ್ಚಿಗೆ ಅಂಟಿಸಿದ ಟಿ-ರೆಕ್ಸ್‌ನ ಘರ್ಜನೆಯಲ್ಲಿ ಒಂದು ಮರಿ ಆನೆಯ ಕೂಗು ಸೇರಿದೆ.

ನಮ್ಮ ಹತ್ತಿರದ ಉದಾಹರಣೆಯೂ ಇದೆ. ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ 1975ರಲ್ಲಿ ಬಂದಾಗ ಸ್ಟೀರಿಯೋ ವ್ಯವಸ್ಥೆಯಿದ್ದ ಚಿತ್ರಮಂದಿರಗಳಲ್ಲಿ ನಾಣ್ಯ ಚಿಮ್ಮುವ ಸದ್ದು ಕೇಳಿ ಜನ ಸೀಟಿನ ಕೆಳಗೆ ಹುಡುಕಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಠಾಕೂರನ ಮನೆಯವರ ಕೊಲೆಯ ದೃಶ್ಯ. ಅಲ್ಲಿ ಉಯ್ಯಾಲೆಯೊಂದು ಕಿರ್ ಕಿರ್ ಎಂದು ತೂಗುತ್ತದೆ. ಆ ಒಂದು ಸದ್ದು ಮಾಡುವ ಕೆಲಸವನ್ನು ನೂರು ಮಾತು ಮಾಡಲಾರವು.

ಮಾತಿಲ್ಲದ ಚಿತ್ರದ ಪಾಠ

1987ರ ‘ಪುಷ್ಪಕ ವಿಮಾನ’ವನ್ನು ನಾವು ಮಾತಿಲ್ಲದ ಚಿತ್ರ ಎಂದು ನೆನೆಯುತ್ತೇವೆ. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಕಮಲಹಾಸನ್ ನಾಯಕ, ಬೆಂಗಳೂರೇ ಕಥಾಭೂಮಿ. ಅದನ್ನು ಮೂಕಿ ಎಂದರೆ ತಪ್ಪಾಗುತ್ತದೆ. ಮಾತು ತೆಗೆದ ಮೇಲೆ ಕತೆ ಹೇಳುವ ಹೊಣೆಯೆಲ್ಲ ಸಣ್ಣಪುಟ್ಟ ಸದ್ದುಗಳ ಮೇಲೆ ಬಿದ್ದಿದೆ. ನೆನಪು ಮಾಡಿಕೊಳ್ಳಿ: ಗದ್ದಲದ ವಠಾರದಲ್ಲಿ ಮಲಗಿ ರೂಢಿಯಾದ ನಿರುದ್ಯೋಗಿ ಹುಡುಗನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆಯೇ ಹತ್ತುವುದಿಲ್ಲ. ಕೊನೆಗೆ ಹಳೆಯ ಜಾಗದ ಗದ್ದಲವನ್ನು ಟೇಪಿಗೆ ತುಂಬಿಸಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಮನುಷ್ಯನಿಗೆ ಸದ್ದೇ ಊರು ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ದೃಶ್ಯ ನಮ್ಮ ಚಿತ್ರಗಳಲ್ಲಿ ಕಡಿಮೆ. ಇನ್ನೊಮ್ಮೆ ನೋಡುವಾಗ ಆ ಚಿತ್ರವನ್ನು ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿ.

ತೀರ್ಪುಗಾರರಿಗೂ ತಿಳಿಯದಷ್ಟು

ಎಲ್ಲ ಚಿತ್ರಗಳೂ ಸ್ಟುಡಿಯೋ ಸದ್ದಿನವಲ್ಲ. ಸ್ಥಳದಲ್ಲೇ ಮಾತನ್ನು ಹಿಡಿದು ಉಳಿಸಿಕೊಳ್ಳುವ ಕ್ರಮಕ್ಕೆ ಸಿಂಕ್ ಸೌಂಡ್ ಎನ್ನುತ್ತಾರೆ. 2001ರ ‘ಲಗಾನ್’ ಆದ ಮೇಲೆ ಭಾರತದಲ್ಲಿ ಅದಕ್ಕೆ ಮತ್ತೆ ಕಳೆ ಬಂತು. ಕನ್ನಡದಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ನಟರಾಗಿಸಿ ಹೀಗೆ ತೆಗೆದ ಚಿತ್ರ. ಆ ಊರಿನ ಮಾತಿನ ಲಯವನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸಿದ್ದರೆ ಅದು ಸತ್ತೇ ಹೋಗುತ್ತಿತ್ತು. ಅದರ ಧ್ವನಿಯ ಕೆಲಸ ಮಾಡಿದವರು ನಿತಿನ್ ಲುಕೋಸ್.

ಅದೇ ನಿತಿನ್ ‘ಡೊಳ್ಳು’ ಚಿತ್ರಕ್ಕೂ ಧ್ವನಿ ವಿನ್ಯಾಸ ಮಾಡಿದರು. 2022ರ ಜುಲೈನಲ್ಲಿ ರಾಷ್ಟ್ರ ಪ್ರಶಸ್ತಿಗಳು ಪ್ರಕಟವಾದಾಗ ‘ಡೊಳ್ಳು’ ಶ್ರೇಷ್ಠ ಕನ್ನಡ ಚಿತ್ರವಾಯಿತು, ಜೊತೆಗೆ ಸ್ಥಳದ ಧ್ವನಿಗ್ರಹಣದ ಪ್ರಶಸ್ತಿಯೂ ಅದಕ್ಕೇ ಬಂತು. ಆ ವಿಭಾಗ ಇದ್ದದ್ದು ಸಿಂಕ್ ಸೌಂಡ್ ಚಿತ್ರಗಳಿಗೆ ಮಾತ್ರ. ಇದು ಸಿಂಕ್ ಸೌಂಡ್ ಚಿತ್ರವೇ ಅಲ್ಲ, ಡಬ್ ಮಾಡಿದ್ದು ಎಂದು ನಿತಿನ್ ಅವರೇ ಬಹಿರಂಗವಾಗಿ ಹೇಳಿದರು. ‘ಸ್ಲಂಡಾಗ್ ಮಿಲಿಯನೇರ್’ಗೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ತೀರ್ಪುಗಾರರನ್ನು ಪ್ರಶ್ನಿಸಿದರು.

ತೀರ್ಪು ತಪ್ಪಿದ್ದು ಹೌದು. ಆದರೆ ಆ ತಪ್ಪಿನೊಳಗೆ ಸ್ಟುಡಿಯೋದ ಕೆಲಸಗಾರರಿಗೆ ಸಂದ ದೊಡ್ಡ ಮೆಚ್ಚುಗೆಯೂ ಅಡಗಿದೆ. ದೇಶದ ತೀರ್ಪುಗಾರರ ಕಿವಿಗೂ ಅದು ಸ್ಥಳದಲ್ಲೇ ಹಿಡಿದ ಸದ್ದಿನಂತೆ ಕೇಳಿತಲ್ಲ!

ಐದು ಭಾಷೆಗೆ ಒಂದೇ ಹೆಜ್ಜೆ

ಸಿಂಕ್ ಸೌಂಡ್ ಹೆಚ್ಚಾದರೆ ಫೋಲಿಯವರಿಗೆ ಕೆಲಸ ತಪ್ಪುತ್ತದೆಯೇ? ಇಲ್ಲ. ಕಾರಣ ಮಾರುಕಟ್ಟೆಯಲ್ಲಿದೆ. 2018ರಲ್ಲಿ ‘ಕೆಜಿಎಫ್’ ಕನ್ನಡದ ಜೊತೆಗೆ ಹಿಂದಿ, ತೆಲುಗು, ತಮಿಳು, ಮಲಯಾಳದಲ್ಲೂ ಬಂತು. ಬೇರೆ ಭಾಷೆಗೆ ಹೋಗುವಾಗ ಕನ್ನಡದ ಮಾತನ್ನು ತೆಗೆಯಬೇಕು. ಸ್ಥಳದಲ್ಲಿ ಹಿಡಿದ ಧ್ವನಿಯಾದರೆ ಮಾತಿನ ಜೊತೆ ಹೆಜ್ಜೆ, ಬಳೆ, ಬಾಗಿಲು ಎಲ್ಲವೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿರುತ್ತವೆ. ಮಾತು ಕಿತ್ತರೆ ಅವೂ ಹೋಗುತ್ತವೆ. ಆದ್ದರಿಂದ ಮಾತೊಂದನ್ನು ಬಿಟ್ಟು ಸಂಗೀತ ಮತ್ತು ಸದ್ದುಗಳಷ್ಟೇ ಇರುವ ಪ್ರತ್ಯೇಕ ಧ್ವನಿಪಟ್ಟಿಯೊಂದನ್ನು ಸಿದ್ಧ ಮಾಡುತ್ತಾರೆ. ‘ಎಂ ಅಂಡ್ ಇ’ ಎಂದು ಸ್ಟುಡಿಯೋದವರು ಕರೆಯುವುದು ಇದನ್ನೇ. ಅದರ ಬೆನ್ನೆಲುಬು ಫೋಲಿ. ಹೊರದೇಶಕ್ಕೆ, ಓಟಿಟಿಗೆ ಚಿತ್ರ ಮಾರುವವರು ಅದನ್ನು ಕೇಳಿಯೇ ಕೇಳುತ್ತಾರೆ.

ಈಗ ಸದ್ದಿನ ಸಂಗ್ರಹಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಹೆಜ್ಜೆಗಳನ್ನೂ ಗುಂಡಿ ಒತ್ತಿ ಜೋಡಿಸಬಹುದು. ಕಡಿಮೆ ದುಡ್ಡಿನ ಎಷ್ಟೋ ಚಿತ್ರಗಳಲ್ಲಿ ಆಗುತ್ತಿರುವುದೂ ಅದೇ. ಕೇಳುವಾಗ ಗೊತ್ತಾಗುತ್ತದೆ: ಅಜ್ಜಿ ನಡೆದರೂ ಮೊಮ್ಮಗ ನಡೆದರೂ ಒಂದೇ ಟಕ್ ಟಕ್, ಗಾರೆ ನೆಲದ ಮೇಲೂ ಅಂಗಳದ ಮಣ್ಣಿನ ಮೇಲೂ ಅದೇ. ಕೋಟಿಗಟ್ಟಲೆ ಸುರಿದು ತೆಗೆದ ದೃಶ್ಯ ಅಲ್ಲೇ ಸುಳ್ಳಾಗುತ್ತದೆ. ಕ್ಯಾಮೆರಾಕ್ಕೆ, ಡ್ರೋನಿಗೆ ದಿನದ ಲೆಕ್ಕದಲ್ಲಿ ಹಣ ತೆರುವ ನಿರ್ಮಾಪಕರು ಫೋಲಿಗೆ ಇನ್ನು ನಾಲ್ಕು ದಿನ ಕೊಡಲು ಹಿಂದೆ ಮುಂದೆ ನೋಡಬಾರದು.

ಆಸ್ಕರ್‌ನಲ್ಲೂ ಫೋಲಿಗೆಂದು ಪ್ರತ್ಯೇಕ ಪ್ರಶಸ್ತಿಯಿಲ್ಲ. ಜ್ಯಾಕ್ ಫೋಲಿಗೆ ಸಿಗದ ಹೆಸರು ಇಂದಿನವರಿಗೆ ಸಿಗುತ್ತಿದೆ ಎಂಬುದಷ್ಟೇ ಸಮಾಧಾನ. ಅದೂ ಚಿತ್ರ ಮುಗಿದು ದೀಪ ಹತ್ತಿ, ಜನ ಎದ್ದು ಹೊರಟ ಮೇಲೆ, ಸಣ್ಣ ಅಕ್ಷರದಲ್ಲಿ, ಒಂದೇ ಒಂದು ಸಾಲಾಗಿ. ಮುಂದಿನ ಸಲ ಟಾಕೀಸಿಗೆ ಹೋದಾಗ ದಯವಿಟ್ಟು ಎರಡು ನಿಮಿಷ ಕೂತಿರಿ. ‘ಫೋಲಿ’ ಎಂಬ ಪದದ ಎದುರಿಗಿರುವ ಹೆಸರನ್ನು ಓದಿಕೊಂಡೇ ಏಳಿ.